ಗಿಟಾರಿನ ಸ್ವರ ಉಳಿಯಬೇಕಾದರೆ

(ನಮ್ಮ ವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಕಳೆದ ತಿಂಗಳು ಬಂದ ಪತ್ರಗಳಲ್ಲಿ ಒಂದು ಪತ್ರ ಸ್ವಲ್ಪ ಬೇರೆಯಾಗಿತ್ತು. ಅದರಲ್ಲಿ ಹಾಡಿನ ಕೋರಿಕೆ ಇರಲಿಲ್ಲ, ಹುಟ್ಟುಹಬ್ಬದ ಶುಭಾಶಯವೂ ಇರಲಿಲ್ಲ. ಮುಂಬಯಿಯ ಉಪನಗರದಲ್ಲಿರುವ ಒಬ್ಬ ತಾಯಿ ಬರೆದಿದ್ದರು. "ನನ್ನ ಮಗ ಕಾಲೇಜಿಗೆ ಹೋಗುತ್ತಾನೆ, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ನಮ್ಮದು ಸಣ್ಣ ಮನೆ. ಹಾಗಾಗಿ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ನನಗೆ ತಂತಿಯ ಟಿಣ್ ಟಿಣ್ ಸದ್ದು ಮಾತ್ರ ಕೇಳುತ್ತದೆ. ಈಗ ಒಂದೇ ಹಠ. ಸ್ವರ ನಿಲ್ಲುತ್ತಿಲ್ಲವಂತೆ, ಈ ಗಿಟಾರ್ ಸರಿಯಿಲ್ಲವಂತೆ, 60,000 ರೂಪಾಯಿಯದ್ದು ಬೇಕಂತೆ. ನೀವೂ ಗಿಟಾರ್ ನುಡಿಸುತ್ತೀರಿ ಎಂದು ಒಮ್ಮೆ ರೇಡಿಯೋದಲ್ಲಿ ಹೇಳಿದ್ದಿರಿ. ಕೊಡಿಸಲೋ ಬೇಡವೋ, ನೀವೇ ಹೇಳಿ."

ಅಮ್ಮಾ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಲೇ ಕೊಡಿಸಬೇಡಿ. ಹಾಗೆಂದು ಮಗ ಸುಳ್ಳು ಹೇಳುತ್ತಿದ್ದಾನೆ ಎಂದೂ ತಿಳಿಯಬೇಡಿ. ಅವನ ಕಿವಿಗೆ ಕೇಳುತ್ತಿರುವುದು ನಿಜ. ಕಾರಣ ಮಾತ್ರ ಬೇರೆ ಇರಬಹುದು. ನಾನೂ ಇದೇ ಹಾದಿಯಲ್ಲಿ ಎಡವಿದವನು. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು, ಈ ಸ್ವರ ನಿಲ್ಲುವುದು ಎಂದರೇನು ಎಂದು ನೋಡೋಣ.

ಕೊಳಲಿಗೆ ಉಸಿರಿದೆ, ಪಿಟೀಲಿಗೆ ಕಮಾನಿದೆ. ಉಸಿರು, ಕಮಾನು ಇರುವಷ್ಟು ಹೊತ್ತು ಸ್ವರ ಇರುತ್ತದೆ. ಆದರೆ ಮೀಟುವ ವಾದ್ಯಗಳ ಪಾಡು ಹಾಗಲ್ಲ. ವೀಣೆಯಾಗಲಿ, ಗಿಟಾರಾಗಲಿ, ಮೀಟಿದ ಮರುಕ್ಷಣದಿಂದಲೇ ಸ್ವರ ಕ್ಷೀಣಿಸತೊಡಗುತ್ತದೆ. ಮೀಟಿದ ಸ್ವರ ಎಷ್ಟು ಹೊತ್ತು ಕಿವಿಯಲ್ಲಿ ಉಳಿಯುತ್ತದೆ ಎಂಬುದನ್ನೇ ಗಿಟಾರಿನವರು ಸಸ್ಟೇನ್ ಎನ್ನುತ್ತಾರೆ. ನಮ್ಮ ಹಿರಿಯರಿಗೂ ಈ ಚಿಂತೆ ಇತ್ತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಟ್ಟು, ನಾದ ಅರಳುವ ಹಾಗೆ ಮಾಡಿದರು. ಅದಕ್ಕೆ ಜೀವಾಳ ಎಂದೇ ಹೆಸರಿಟ್ಟರು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕರ್ನಾಟಕ ಸಂಗೀತಕ್ಕೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದರ ಹಿಂದೆಯೂ ಇದೇ ಕಾರಣವಿದೆ. ಮಾಮೂಲಿ ಮ್ಯಾಂಡೊಲಿನ್‌ನ ಸ್ವರ ಬೇಗ ಆರುತ್ತದೆ. ಗಮಕ ಎಳೆಯಬೇಕಾದರೆ ಎಳೆಯುವಷ್ಟು ಹೊತ್ತಾದರೂ ಸ್ವರ ಇರಬೇಕಲ್ಲ!

ಎಲೆಕ್ಟ್ರಿಕ್ ಗಿಟಾರ್ ಕೂಡ ಇದೇ ಹುಡುಕಾಟದ ಕೂಸು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕು ಅಂಗುಲ ಚೌಕದ ಒಂದು ಮರದ ತೊಲೆಗೆ ತಂತಿ ಬಿಗಿದು ನುಡಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಲಾಗ್', ಅಂದರೆ ದಿಮ್ಮಿ. ನೋಡಲು ಗಿಟಾರಿನಂತಿರಲಿ ಎಂದು ಎರಡೂ ಬದಿಗೆ ಹಳೆಯ ಗಿಟಾರಿನ ಹೋಳುಗಳನ್ನು ಅಂಟಿಸಿದರು. ಅದರ ಹಿಂದಿನ ತರ್ಕ ಸರಳ. ಟೊಳ್ಳು ಗಿಟಾರ್ ತಂತಿಯ ಶಕ್ತಿಯನ್ನು ಬೇಗನೆ ಗಾಳಿಗೆ ಕೊಟ್ಟುಬಿಡುತ್ತದೆ. ಗಟ್ಟಿ ಮರ ಹಾಗೆ ಕೊಡುವುದಿಲ್ಲ, ಶಕ್ತಿ ತಂತಿಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಆ ಕಂಪನವನ್ನು ಪಿಕಪ್ ಎಂಬ ಅಯಸ್ಕಾಂತದ ಸುರುಳಿ ವಿದ್ಯುತ್ತಾಗಿ ಮಾಡುತ್ತದೆ, ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡುತ್ತದೆ.

ಇಲ್ಲಿಂದ ಮುಂದೆ ಇನ್ನೊಂದು ಚಮತ್ಕಾರ ನಡೆಯಿತು. ಆಂಪ್ಲಿಫಯರನ್ನು ಜೋರಾಗಿ ಇಟ್ಟು ಅದರ ಮುಂದೆ ನಿಂತರೆ, ಸ್ಪೀಕರಿನ ಸದ್ದೇ ಗಾಳಿಯಲ್ಲಿ ಬಂದು ತಂತಿಯನ್ನು ಮತ್ತೆ ನಡುಗಿಸುತ್ತದೆ. ತಂತಿ ನಡುಗಿದರೆ ಸ್ಪೀಕರ್ ಮತ್ತೆ ನುಡಿಯುತ್ತದೆ. ಗಿರಣಿಯ ಚಕ್ರದ ಹಾಗೆ ಇದು ತನ್ನಷ್ಟಕ್ಕೆ ತಿರುಗುತ್ತದೆ, ಸ್ವರ ಆರುವುದೇ ಇಲ್ಲ. ಇದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. 1977ರಲ್ಲಿ ಬರ್ಲಿನ್ ಗೋಡೆಯ ಸಮೀಪದ ಹಾನ್ಸಾ ಸ್ಟುಡಿಯೋದಲ್ಲಿ ಡೇವಿಡ್ ಬೋವಿಯ 'ಹೀರೋಸ್' ಹಾಡಿನ ಧ್ವನಿಮುದ್ರಣ ನಡೆಯಿತು. ಆಗ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ನೆಲದ ಮೇಲೆ ಟೇಪಿನ ತುಂಡುಗಳನ್ನು ಅಂಟಿಸಿ ಗುರುತು ಮಾಡಿಕೊಂಡಿದ್ದರಂತೆ. ಈ ಸ್ವರಕ್ಕೆ ಇಲ್ಲಿ ನಿಲ್ಲಬೇಕು, ಆ ಸ್ವರಕ್ಕೆ ಅಲ್ಲಿ ನಿಲ್ಲಬೇಕು ಎಂಬ ಲೆಕ್ಕ. ಆ ಹಾಡಿನ ಉದ್ದಕ್ಕೂ ಹರಿಯುವ ಗಿಟಾರ್ ಸ್ವರ ಹುಟ್ಟಿದ್ದು ಹಾಗೆ.

ಈಗ ನಮ್ಮ ಮನೆಗೆ ಬನ್ನಿ. ಫ್ಲ್ಯಾಟಿನ ಗೋಡೆಯಾಚೆ ಒಬ್ಬ ಮರಾಠಿ ಆಜಿ ಇದ್ದಾರೆ, ರಾತ್ರಿ ಒಂಬತ್ತಕ್ಕೆ ಮಲಗುತ್ತಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ನಿಯಮ ಇಲ್ಲದಿದ್ದರೂ ಆಜಿಯ ನಿದ್ದೆ ಕೆಡಿಸಲು ನನಗೆ ಮನಸ್ಸಿಲ್ಲ. ಹಾಗಾಗಿ ಆಂಪ್ಲಿಫಯರ್ ಮಾರಿ ಸಾಫ್ಟ್‌ವೇರ್ ಹಿಡಿದೆ. ಆಂಪ್ಲಿಫಯರಿನ ಗುಣವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್‌ಗಳು ಹೊಸತೇನಲ್ಲ. 1998ರಲ್ಲಿ ಆಂಪ್ ಫಾರ್ಮ್, 2002ರಲ್ಲಿ ಆಂಪ್ಲಿಟ್ಯೂಬ್, 2004ರಲ್ಲಿ ಗಿಟಾರ್ ರಿಗ್ ಬಂದವು. ನ್ಯೂರಲ್ ಆಂಪ್ ಮಾಡೆಲರ್‌ನಂಥದ್ದು ಈಗ ಉಚಿತವಾಗಿಯೇ ಸಿಗುತ್ತದೆ. ಇವು ಆಂಪ್ಲಿಫಯರಿನ ವಾಲ್ವು, ಸ್ಪೀಕರು, ಮೈಕು ಎಲ್ಲವನ್ನೂ ಚೆನ್ನಾಗಿ ಅನುಕರಿಸುತ್ತವೆ. ಹೆಡ್‌ಫೋನಿನಲ್ಲಿ ಒಂದು ಮಾತ್ರ ಇರುವುದಿಲ್ಲ, ತಂತಿಗೆ ವಾಪಸು ಬರುವ ಗಾಳಿ. ಚಕ್ರ ಅಲ್ಲಿಗೆ ತುಂಡಾಯಿತು. ಮೀಟಿದ ಮೇಲೆ ತಂತಿ ಒಂಟಿ.

ಇನ್ನು ನನ್ನ ಕಥೆ. ಒಂದು ವರ್ಷ ನಮ್ಮ ರಾಜ್ಯೋತ್ಸವದ ವಿಶೇಷ ಕಾರ್ಯಕ್ರಮಕ್ಕೆ ಸಣ್ಣ ಸಂಕೇತ ಸಂಗೀತ ನುಡಿಸುವ ಆಸೆ ನನಗೆ ಬಂತು. ಕೊನೆಯ ಸ್ವರ ಎಂಟು ಸೆಕೆಂಡು ನಿಲ್ಲಬೇಕು, ಅದರ ಮೇಲೆ ನನ್ನ "ನಮಸ್ಕಾರ" ಬರಬೇಕು. ನುಡಿಸಿದೆ. ನಾಲ್ಕನೇ ಸೆಕೆಂಡಿಗೆ ಸ್ವರ ಮಾಯ. ಗೇನ್ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ. ಕರಕರ, ಗುಯ್ ಸದ್ದು ಹೆಚ್ಚಾಯಿತೇ ಹೊರತು ಸ್ವರ ಉಳಿಯಲಿಲ್ಲ. ತೂತು ಕೊಡಕ್ಕೆ ನೀರು ಸುರಿದ ಹಾಗೆ. ಮೂರು ವಾರ ಹೀಗೇ ಹೋಯಿತು. ಕೊನೆಗೆ ಗಿಟಾರಿನದ್ದೇ ತಪ್ಪು ಎಂದು ತೀರ್ಮಾನಿಸಿದೆ. ಧಾರವಾಡದಲ್ಲಿ ಬಿ.ಎ. ಓದುವಾಗ ಅಪ್ಪ ತಮ್ಮ ಭವಿಷ್ಯನಿಧಿಯಿಂದ ಹಣ ತೆಗೆದು ಕೊಡಿಸಿದ ಗಿಟಾರ್ ಅದು. ಕನ್ನಡ ಓದುವ ಹುಡುಗನಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು, ಅಪ್ಪ ಮಾತ್ರ ಕೇಳಿರಲಿಲ್ಲ. ಅದನ್ನು ಮಾರಲು ಹೊರಟೆ. ಅಂಗಡಿಯವರು 7,000 ರೂಪಾಯಿ ಬೆಲೆಯನ್ನೂ ಹೇಳಿದರು.

ಉಳಿಸಿದವರು ನಮ್ಮ ಸ್ಟುಡಿಯೋದ ತಾಂತ್ರಿಕ ಸಹೋದ್ಯೋಗಿ. ಧ್ವನಿಮುದ್ರಣವನ್ನು ಒಮ್ಮೆ ಕೇಳಿ, ತೆರೆಯ ಮೇಲೆ ಅಲೆಯ ಆಕಾರ ನೋಡಿ, "ಸ್ವರ ಸತ್ತಿಲ್ಲ ಮಾರಾಯ್ರೇ, ಯಾರೋ ಕತ್ತು ಹಿಸುಕಿದ್ದಾರೆ" ಎಂದರು. ಸ್ವರ ಮೆಲ್ಲಗೆ ಇಳಿದಿರಲಿಲ್ಲ, ಕತ್ತರಿ ಹಾಕಿದ ಹಾಗೆ ನಿಂತಿತ್ತು. ಸಾಫ್ಟ್‌ವೇರಿನಲ್ಲಿ ನಾನು ಆರಿಸಿದ ಸಿದ್ಧ ಜೋಡಣೆಯಲ್ಲಿ ನಾಯ್ಸ್ ಗೇಟ್ ಎಂಬ ಒಂದು ಬಾಗಿಲಿತ್ತು. ಸದ್ದು ಒಂದು ಮಟ್ಟಕ್ಕಿಂತ ಕಡಿಮೆಯಾದ ಕೂಡಲೇ ಆ ಬಾಗಿಲು ಮುಚ್ಚುತ್ತದೆ. ಗಲಾಟೆ ಒಳಗೆ ಬರದಿರಲಿ ಎಂದು ಇಟ್ಟ ಕಾವಲುಗಾರ ಮನೆಯವರನ್ನೇ ಹೊರಗೆ ಹಾಕುತ್ತಿದ್ದ. ನಾನು ಗೇನ್ ಏರಿಸಿದಷ್ಟೂ ಗುಯ್ ಸದ್ದು ಏರುತ್ತಿತ್ತು. ಅದನ್ನು ತಡೆಯಲು ನಾನೇ ಕೈಯಾರೆ ಆ ಬಾಗಿಲಿನ ಮಟ್ಟವನ್ನೂ ಏರಿಸುತ್ತಿದ್ದೆ!

ಅಂದಿನಿಂದ ನಾನು ಕಲಿತ ಪಾಠ ಇಷ್ಟೇ. ತಂತಿಯಿಂದ ಕಿವಿಯವರೆಗೆ ಸ್ವರ ನಡೆದು ಬರುವ ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಮೊದಲು ಹುಡುಕಬೇಕು. ಗೇನ್ ಗುಂಡಿಗೆ ಕೊನೆಗೆ ಕೈ ಹಾಕಬೇಕು. ಆ ದಾರಿಯಲ್ಲಿ ನನ್ನ ಜೊತೆ ಒಮ್ಮೆ ನಡೆದು ಬನ್ನಿ.

ಮೊದಲನೆಯದು ಗಿಟಾರ್. ಯಾವ ವಯರನ್ನೂ ಜೋಡಿಸದೆ, ಗಡಿಯಾರ ನೋಡುತ್ತಾ ಒಂದೊಂದೇ ಸ್ವರ ಮೀಟಿ. ಕಿವಿಯನ್ನು ಗಿಟಾರಿನ ಮರಕ್ಕೆ ಹಚ್ಚಿ ಕೇಳಿ. ಇಲ್ಲೇ ಬೇಗ ಆರುವ ಸ್ವರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಬದುಕಿಸಲಾರದು. ತಂತಿ ಹಳೆಯದೇ? ಮುಂಬಯಿ, ಚೆನ್ನೈಯಂಥ ಕಡಲ ಊರಿನ ತೇವಕ್ಕೆ, ಕೈಯ ಬೆವರಿಗೆ, ತಂತಿ ಬೇಗ ತುಕ್ಕು ಹಿಡಿಯುತ್ತದೆ. ಹೊಸ ತಂತಿಗೆ ಕೆಲವು ನೂರು ರೂಪಾಯಿ, ಅಷ್ಟೇ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸುವುದಕ್ಕೆ ಅದೂ ಬೇಡ. ತಂತಿ ಫ್ರೆಟ್ಟಿಗೆ ತಾಗಿ ಜಿರ್ ಎನ್ನುತ್ತಿದೆಯೇ? ಹಾಗಾದರೆ ಪ್ರತಿ ತಾಗುವಿಕೆಗೂ ಶಕ್ತಿ ಸೋರುತ್ತಿದೆ ಎಂದರ್ಥ. ತಂತಿಯನ್ನು ಕೂದಲೆಳೆಯಷ್ಟು ಎತ್ತರಿಸಿ. ಬೆರಳನ್ನು ಫ್ರೆಟ್ಟಿನ ಬೆನ್ನಿಗೇ ಒತ್ತಿ. ದೂರದಲ್ಲಿ ಸಡಿಲವಾಗಿ ಒತ್ತಿದರೆ ಬೆರಳಿನ ಮಾಂಸವೇ ಕಂಪನವನ್ನು ನುಂಗುತ್ತದೆ.

ಪಿಕಪ್ಪಿನ ಎತ್ತರವನ್ನೂ ನೋಡಿ. ಹತ್ತಿರ ಇದ್ದಷ್ಟೂ ಒಳ್ಳೆಯದು ಎಂದು ಅನೇಕರು ಅದನ್ನು ತಂತಿಗೆ ತೀರಾ ಸಮೀಪಕ್ಕೆ ಏರಿಸುತ್ತಾರೆ. ಅದರೊಳಗಿರುವುದು ಅಯಸ್ಕಾಂತ, ತಂತಿಯನ್ನು ಎಳೆದು ಹಿಡಿಯುತ್ತದೆ. ಸ್ವರ ಬೇಗ ಆರುತ್ತದೆ, ಶ್ರುತಿಯೂ ಅಲುಗುತ್ತದೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಸಾಮಾನ್ಯ ಪಿಕಪ್ಪಿಗೆ, ಕೊನೆಯ ಫ್ರೆಟ್ ಒತ್ತಿ ಹಿಡಿದಾಗ, ದಪ್ಪ ತಂತಿಯ ಕಡೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಯ ಕಡೆ ಸುಮಾರು 2 ಮಿಲಿಮೀಟರ್ ಅಂತರ ಇಟ್ಟು ನೋಡಿ. ಒಂದು ಸ್ಕ್ರೂಡ್ರೈವರ್ ಸಾಕು. ನನ್ನ ಗಿಟಾರಿನ ಮೂರನೇ ತಂತಿ ಇಷ್ಟರಲ್ಲೇ ಎಷ್ಟೋ ಚೇತರಿಸಿಕೊಂಡಿತು.

ಎರಡನೆಯದು, ಗಿಟಾರ್ ಕಂಪ್ಯೂಟರಿಗೆ ಸೇರುವ ಜಾಗ. ಮಧ್ಯದಲ್ಲಿ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಗಿಟಾರಿಗೆಂದೇ ಒಂದು ಕಿಂಡಿಯೋ ಗುಂಡಿಯೋ ಇರುತ್ತದೆ. 'ಇನ್‌ಸ್ಟ್ರುಮೆಂಟ್' ಅಥವಾ 'ಹೈ ಝೀ' ಎಂದು ಬರೆದಿರುತ್ತಾರೆ. ಅದರ ತಡೆ ಸಾಮಾನ್ಯವಾಗಿ 10 ಲಕ್ಷ ಓಮ್‌ನ ಆಸುಪಾಸು. ಬೇರೆ ಕಿಂಡಿಯಲ್ಲಿ ಇದು ತೀರಾ ಕಡಿಮೆ, ಗಿಟಾರಿನ ಸಣ್ಣ ಸಂಕೇತ ಅಲ್ಲೇ ಕುಸಿಯುತ್ತದೆ. ಇನ್ನು ಮಟ್ಟ. ಬಲವಾಗಿ ಮೀಟಿದಾಗ ಮೀಟರು ಸೊನ್ನೆಗಿಂತ ಸುಮಾರು 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಟ್ಟು ಆರಂಭಿಸಿ. ಅಷ್ಟು ಜಾಗ ಬಿಡುವುದು ರೇಡಿಯೋದವರ ಅಭ್ಯಾಸವೂ ಹೌದು. ಸೊನ್ನೆ ಮುಟ್ಟಿದರೆ ಕಚ್ಚಾ ಕರಕರ, ತೀರಾ ಕೆಳಗಿದ್ದರೆ ಸಾಫ್ಟ್‌ವೇರಿನ ಆಂಪ್ಲಿಫಯರಿಗೆ ಹಸಿವೇ ತೀರುವುದಿಲ್ಲ.

ಮೂರನೆಯದು ನನಗೆ ತುಂಬ ಪರಿಚಿತ, ಕಂಪ್ರೆಸರ್. ನೀವು ಈಗ ಕೇಳುತ್ತಿರುವ ನನ್ನ ದನಿ ಕೂಡ ಒಂದು ಕಂಪ್ರೆಸರ್ ದಾಟಿಯೇ ಬರುತ್ತಿದೆ. ನಾನು ಪಿಸುಗುಟ್ಟಿದರೂ, ನಕ್ಕರೂ, ಲೋಕಲ್ ರೈಲಿನ ಗದ್ದಲದಲ್ಲಿ ನಿಂತ ನಿಮಗೆ ಒಂದೇ ಸಮನಾಗಿ ಕೇಳಬೇಕಲ್ಲ, ಅದಕ್ಕೆ. ಜೋರಿನದ್ದನ್ನು ತಗ್ಗಿಸಿ, ಆಮೇಲೆ ಒಟ್ಟು ಮಟ್ಟವನ್ನು ಏರಿಸುವುದು ಅದರ ಕೆಲಸ. ಗಿಟಾರಿನಲ್ಲಿ ಲೆಕ್ಕ ಹೀಗೆ. ನಾಲ್ಕಕ್ಕೆ ಒಂದು ಎಂದು ಇಟ್ಟರೆ, ನೀವು ಗೊತ್ತುಮಾಡಿದ ಮಿತಿಯ ಮೇಲೆ ಸ್ವರ 12 ಡೆಸಿಬೆಲ್ ಇಳಿದರೂ ಹೊರಗೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಇದನ್ನು ಸಾಫ್ಟ್‌ವೇರಿನ ಸಾಲಿನಲ್ಲಿ ಆಂಪ್ಲಿಫಯರಿಗಿಂತ ಮೊದಲು ಇಡಿ. ಹಿಡಿತ ಶುರುವಾಗುವ ಸಮಯವನ್ನು 20ರಿಂದ 30 ಮಿಲಿಸೆಕೆಂಡು ಇಟ್ಟರೆ ಮೀಟಿನ ಮೊದಲ ಪೆಟ್ಟು ಸಹಜವಾಗಿ ಉಳಿಯುತ್ತದೆ. ಅತಿಯಾದರೆ ಇಲ್ಲೂ ಗುಯ್ ಸದ್ದು ಏರುತ್ತದೆ, ನೆನಪಿರಲಿ.

ನಾಲ್ಕನೆಯದಾಗಿ ಈಗ ಗೇನ್. ಅದು ಶತ್ರುವಲ್ಲ. ಆಂಪ್ಲಿಫಯರಿನ ಸಾಮರ್ಥ್ಯ ಮೀರಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಆ ಮಿತಿಗಿಂತ ಸಂಕೇತ 30 ಡೆಸಿಬೆಲ್ ಮೇಲಿದ್ದರೆ, ತಂತಿ 30 ಡೆಸಿಬೆಲ್ ಇಳಿಯುವವರೆಗೂ ಹೊರಗಿನ ಸದ್ದು ಹೆಚ್ಚು ಕುಗ್ಗುವುದಿಲ್ಲ. ಉಳಿಕೆ ಬರುವುದು ಹೀಗೆ. ಆದರೆ ಎಲ್ಲವನ್ನೂ ಒಂದೇ ಗುಂಡಿಯಿಂದ ಪಡೆಯಬೇಡಿ. ಆಂಪ್ಲಿಫಯರಿನ ಗೇನನ್ನು ಅರ್ಧಕ್ಕೆ ಇಳಿಸಿ, ಅದರ ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಒಂದು ಪೆಡಲ್ ಇಡಿ. ಪೆಡಲಿನ ಡ್ರೈವ್ ಕಡಿಮೆ, ಲೆವೆಲ್ ಹೆಚ್ಚು. ಅದು ಮಂದ್ರದ ಗೊಜಗೊಜವನ್ನು ಸೋಸಿ, ನಡುವಿನ ನಾದವನ್ನು ಮುಂದೆ ತಳ್ಳುತ್ತದೆ. ಕಡಿಮೆ ಗೇನಿನಲ್ಲೇ ಸ್ವರ ಹಾಡತೊಡಗುತ್ತದೆ.

ಇಷ್ಟಾದ ಮೇಲೆ ಆ ಬಾಗಿಲಿನ ಕಡೆ ನೋಡಿ. ನಾಯ್ಸ್ ಗೇಟನ್ನು ಒಮ್ಮೆ ಪೂರ್ತಿ ಆರಿಸಿ ನುಡಿಸಿ. ಸ್ವರ ಈಗ ಉದ್ದವಾಯಿತೇ? ಹಾಗಾದರೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಬೇಕಿದ್ದರೆ ಮಾತ್ರ, ತಂತಿ ಮೌನವಾಗಿರುವಾಗಿನ ಗುಯ್ ಸದ್ದು ಮರೆಯಾಗುವಷ್ಟು ಕೆಳಮಟ್ಟದಲ್ಲಿ ಇಡಿ, ಬಾಗಿಲು ಮೆಲ್ಲಗೆ ಮುಚ್ಚುವಂತೆ ಮಾಡಿ. ಗುಯ್ ಸದ್ದಿಗೆ ಮೂಲದಲ್ಲೇ ಮದ್ದು ಮಾಡುವುದು ಇನ್ನೂ ಒಳ್ಳೆಯದು. ಮೊಬೈಲ್ ಚಾರ್ಜರನ್ನು ದೂರ ಇಡಿ. ಕುರ್ಚಿಯಲ್ಲಿ ಕೂತಲ್ಲೇ ಸ್ವಲ್ಪ ತಿರುಗಿ ನೋಡಿ. ಒಂದು ಕೋನದಲ್ಲಿ ಸದ್ದು ತಾನೇ ತಗ್ಗುತ್ತದೆ.

ಐದನೆಯದು, ತುಂಡಾದ ಆ ಚಕ್ರವನ್ನು ಮತ್ತೆ ಜೋಡಿಸುವುದು. ಹಗಲು ಹೊತ್ತಿನಲ್ಲಿ ಹೆಡ್‌ಫೋನ್ ತೆಗೆದು, ಮೇಜಿನ ಮೇಲಿನ ಸ್ಪೀಕರನ್ನು ಮಿತವಾಗಿ ಹಚ್ಚಿ, ಗಿಟಾರನ್ನು ಅದರ ಒಂದೆರಡು ಅಡಿ ಸಮೀಪಕ್ಕೆ ತನ್ನಿ. ಸ್ವರ ಹಿಡಿಯದಿದ್ದರೆ ಸ್ವಲ್ಪ ಹಿಂದೆ ಮುಂದೆ ಸರಿಯಿರಿ. 440 ಹರ್ಟ್ಸ್ ಸ್ವರದ ಅಲೆ ಗಾಳಿಯಲ್ಲಿ ಸುಮಾರು 78 ಸೆಂಟಿಮೀಟರ್ ಉದ್ದ. ಅದರ ಅರ್ಧ, ಅಂದರೆ ಸುಮಾರು 39 ಸೆಂಟಿಮೀಟರ್ ಸರಿದರೆ, ತಂತಿಯನ್ನು ತಡೆಯುತ್ತಿದ್ದ ಅಲೆಯೇ ಅದನ್ನು ತೂಗುವ ಅಲೆಯಾಗುತ್ತದೆ. ಮಗು ಕೂತ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ. ಫ್ರಿಪ್ ನೆಲಕ್ಕೆ ಟೇಪ್ ಅಂಟಿಸಿದ ಗುಟ್ಟು ಇದೇ. ಕಂಪ್ಯೂಟರ್ ಕೂಡ ಒಂದಿಷ್ಟು ತಡ ಮಾಡುತ್ತದೆ. 48,000ದ ದರದಲ್ಲಿ 256ರ ಬಫರ್ ಇಟ್ಟರೆ ಒಂದು ಸುತ್ತಿಗೆ 5 ಮಿಲಿಸೆಕೆಂಡಿಗೂ ಹೆಚ್ಚು, ಒಳಗೆ ಹೊರಗೆ ಎರಡೂ ಸೇರಿ ಅದರ ಎರಡರಷ್ಟು. ಬಫರನ್ನು 128ಕ್ಕೆ ಇಳಿಸಿದರೆ ಬೆರಳಿಗೂ ಕಿವಿಗೂ ನಂಟು ಬಿಗಿಯಾಗುತ್ತದೆ. ಇನ್ನೊಂದು ಉಪಾಯ, ಗಿಟಾರಿನ ತಲೆಯನ್ನು ಸ್ಪೀಕರ್ ಪೆಟ್ಟಿಗೆಗೆ ಮೆಲ್ಲಗೆ ತಾಗಿಸಿ ಹಿಡಿಯುವುದು. ಗಾಳಿಯ ಬದಲು ಮರದ ಮೂಲಕವೇ ಕಂಪನ ವಾಪಸು ಬರುತ್ತದೆ.

ಸ್ಪೀಕರ್ ಹಚ್ಚುವಂತೆಯೇ ಇಲ್ಲ ಎನ್ನುವವರಿಗೆ ಇ-ಬೋ ಎಂಬ ಅಂಗೈಯಗಲದ ಸಾಧನವಿದೆ. 1976ರಲ್ಲಿ ಮಾರುಕಟ್ಟೆಗೆ ಬಂತು. ಬ್ಯಾಟರಿಯಿಂದ ನಡೆಯುವ ಇದು ಅಯಸ್ಕಾಂತದ ಬಲದಿಂದ ತಂತಿಯನ್ನು ನಡುಗಿಸುತ್ತಲೇ ಇರುತ್ತದೆ. ಹೆಡ್‌ಫೋನಿನಲ್ಲೂ ಸ್ವರ ಆರುವುದಿಲ್ಲ, ಪಿಟೀಲಿನ ಕಮಾನಿನ ಹಾಗೆ. ಡಿಲೇ, ರಿವರ್ಬ್ ಎಂಬ ಪ್ರತಿಧ್ವನಿಗಳನ್ನು ಸ್ವಲ್ಪ ಬೆರೆಸಿದರೆ ಸ್ವರದ ಬಾಲ ಉದ್ದವಾದಂತೆ ಕೇಳುತ್ತದೆ. ಆದರೆ ಅದು ಕೊನೆಯ ಒಗ್ಗರಣೆ, ಅದೇ ಸಾರಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಕಷ್ಟದ್ದು: ಎಡಗೈ ಬೆರಳು. ಸ್ವರ ಇಳಿಯತೊಡಗಿದಾಗ ಬೆರಳನ್ನು ಮೆಲ್ಲಗೆ, ಒಂದೇ ಸಮನಾಗಿ ತೂಗಿ. ನಮ್ಮ ಸಂಗೀತದಲ್ಲಿ ಇದಕ್ಕೆ ಕಂಪಿತ ಎಂಬ ಹೆಸರೇ ಇದೆ. ಅಲುಗಾಡದ ಸ್ವರ ಸಣ್ಣದಾದರೆ ಕಿವಿ ಅದನ್ನು ಬಿಟ್ಟುಬಿಡುತ್ತದೆ. ತೂಗುವ ಸ್ವರವನ್ನು ಕಿವಿ ಬೆನ್ನುಹತ್ತಿ ಹೋಗುತ್ತದೆ. ವೈಣಿಕರು ಇದನ್ನು ಸಾಫ್ಟ್‌ವೇರ್ ಇಲ್ಲದೆಯೇ ಬಲ್ಲರು.

ಅಮ್ಮಾ, ನಿಮ್ಮ ಮಗನಿಗೆ ಈ ಮಾತು ತಲುಪಿಸಿ. ಭಾನುವಾರ ಒಂದು ಮಧ್ಯಾಹ್ನ, ಹೊಸ ತಂತಿ, ಒಂದು ಸ್ಕ್ರೂಡ್ರೈವರ್, ಒಂದು ಗಡಿಯಾರ ಇಟ್ಟುಕೊಂಡು ಕೂರಲಿ. ನೀವೂ ಪಕ್ಕದಲ್ಲಿ ಕೂತು ಸೆಕೆಂಡು ಎಣಿಸಿ. ಇಷ್ಟೆಲ್ಲ ಮಾಡಿದ ಮೇಲೂ, ವಯರಿಲ್ಲದೆ ಮೀಟಿದಾಗಲೇ ಸ್ವರ ಸಾಯುತ್ತಿದ್ದರೆ, ಒಳ್ಳೆಯ ಕೆಲಸಗಾರರಿಗೆ ಗಿಟಾರನ್ನು ತೋರಿಸಿ. ಅವರೂ ಕೈಚೆಲ್ಲಿದರೆ ಆಗ ಬೇರೆಯದನ್ನು ಯೋಚಿಸೋಣ. ಇನ್ನೊಂದು ಕೋರಿಕೆ. ಅವನು ವಾರಕ್ಕೊಮ್ಮೆಯಾದರೂ ಹೆಡ್‌ಫೋನ್ ತೆಗೆದು ನಿಮಗೆ ಕೇಳುವ ಹಾಗೆ ನುಡಿಸಲಿ. ಇಷ್ಟು ದಿನ ನೀವು ಕೇಳಿದ್ದು ಬರೀ ಟಿಣ್ ಟಿಣ್ ಅಲ್ಲವೇ?

ನನ್ನ ಗಿಟಾರ್ ಮಾರಾಟವಾಗಲಿಲ್ಲ. ಆ ರಾಜ್ಯೋತ್ಸವದ ದಿನ ಕೊನೆಯ ಸ್ವರ ಎಂಟು ಸೆಕೆಂಡು ದಾಟಿ, ನನ್ನ ನಮಸ್ಕಾರದ ಕೆಳಗೂ ಸಣ್ಣಗೆ ಕೇಳುತ್ತಿತ್ತು. ಪ್ರಸಾರದ ಧ್ವನಿಮುದ್ರಣವನ್ನು ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. ಅವರಿಗೆ ಗೇಟು, ಕಂಪ್ರೆಸರು ಒಂದೂ ಗೊತ್ತಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ ಗಿಟಾರ್ ಏನೋ ಇದು?" ಎಂದು ಕೇಳಿದರು. ಹೌದಪ್ಪಾ, ಅದೇ ಎಂದೆ.

ಇವತ್ತಿನ ಮಾತು ಇಲ್ಲಿಗೆ ಮುಗಿಸುತ್ತೇನೆ. ನಿಮ್ಮ ಮನೆಯ ಮೂಲೆಯಲ್ಲೂ ಗಿಟಾರೋ, ವೀಣೆಯೋ, ಮ್ಯಾಂಡೊಲಿನ್ನೋ ಧೂಳು ಹಿಡಿದಿದ್ದರೆ ಈ ವಾರ ಹೊರಗೆ ತೆಗೆಯಿರಿ, ಒಂದು ಸ್ವರ ಮೀಟಿ, ಅದು ಆರುವವರೆಗೂ ಕೇಳಿ. ಎಷ್ಟು ಸೆಕೆಂಡು ಉಳಿಯಿತು ಎಂದು ನಮಗೆ ಬರೆದು ತಿಳಿಸಿ. ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ನಮಸ್ಕಾರ.